ಮೆತ್ತಗದ ಅಂದ ಕೂಡಲೆ ಛೊಲೊ ಅದ ಅಂತಲ್ಲ

ವೈನಿ, ಮೌಶಿ, ಎದುರು ಮನಿ ಅಕ್ಕಾರ, ಎಲ್ಲಾರೂ ಒಂಚೂರು ಕೇಳ್ರಿ. ಈಗ ನಮ್ಮ ಓಣ್ಯಾಗ ಹೊಸಾ ಶೂದ ಹುಚ್ಚು ಎದ್ದದ. ಪಾವ್ ಹಂಗ ಉಬ್ಬಿದ ದಪ್ಪ ಅಡಿ ಇರೋ ಶೂ. ಒಬ್ಬರಿಗೆ ಮಗಾ ಬೆಂಗಳೂರಿಂದ ಕಳಸ್ಯಾನ, ಇನ್ನೊಬ್ಬರಿಗೆ ಮಗಳು ಅಮೆರಿಕಾದಿಂದ ತಂದಾಳ. ಮುಂಜಾನೆ ಕೆಸಿಡಿ ಗ್ರೌಂಡಿಗೂ ಅದ, ಕಾಯಿಪಲ್ಯಾ ತರಲಿಕ್ಕೂ ಅದ, ಬ್ಯಾಂಕಿಗೂ ಅದ. ಕೆಲವರಂತೂ ತೊಳದು ಒರಸಿ ಅಡಗಿ ಮನ್ಯಾಗೂ ಹಾಕ್ಕೊಂಡು ನಿಂತಾರ. ಯಾಕ್ರೀ ಅಂದ್ರ ಒಂದ ಉತ್ತರ: "ಭಾಳ ಮೆತ್ತಗದ್ರೀ, ಕಾಲಿಗೆ ಛೊಲೊ." ನನ್ನ ಜಗಳ ಈ ಮಾತಿನ ಕೂಡ.

ಹಂಗಂತ ಸೀರಿ ಮ್ಯಾಲೆ ಶೂ ಏನು ಅಂತ ನಗೋರ ಗುಂಪಿನಾಗ ನನ್ನ ಸೇರಸಬ್ಯಾಡ್ರಿ. ಮಗನ ಕ್ರಿಕೆಟ್ಟಿಗೆ ವರ್ಷಾ ಹೊಸಾ ಶೂ ಬರ್ತಾವ, ಯಾರೂ ಲೆಕ್ಕಾ ಕೇಳೂದಿಲ್ಲ. ನಾವು ಮಾತ್ರ ಹವಾಯಿ ಚಪ್ಪಲಿ ಪಟ್ಟಿ ಹರದ್ರ ಹೊಸಾ ಪಟ್ಟಿ ಹಾಕಿಸಿ ನಡಸಬೇಕು. ಮೂವತ್ತು ವರ್ಷ ಅಡಗಿ ಕಟ್ಟಿ ಮುಂದ ನಿಂತ ಕಾಲು ಇವು. ಅವಕ್ಕ ಖರ್ಚು ಮಾಡೂದು ಶೋಕಿ ಅಲ್ಲ. ನಾನೂ ಒಂದು ವರ್ಷದಿಂದ ದಪ್ಪ ಅಡಿಯ ಶೂ ಹಾಕ್ಕೊಂಡ ನಡೀತೀನಿ, ಮೈದಾನದಾಗ ಎರಡು ಸುತ್ತು ಸಾವಕಾಶ ಓಡತೀನಿ. ಡಾಂಬರ ರಸ್ತಾದಾಗ ಅದರ ಸುಖ ಖರೇನ ಅದ. ಹಿಮ್ಮಡಿಗೆ ಏಟು ಬಡಿಯೂದಿಲ್ಲ, ತೊಟ್ಟಿಲ ಕಾಲಿನ ಹಂಗ ಬಾಗಿದ ಅಡಿ ತಾನ ಮುಂದಕ್ಕ ಉರಳಸ್ತದ.

ಆದ್ರ ಅದನ್ನ ಯಾವ ಕೆಲಸಕ್ಕ ಮಾಡ್ಯಾರ ಅನ್ನೂದು ತಿಳಕೋರಿ. ಈ ದಪ್ಪ ಶೂದ ಚಾಲಿ ಹಚ್ಚಿದ್ದು ಹೋಕಾ ಅನ್ನೋ ಕಂಪನಿ. 2009ರಾಗ ಫ್ರಾನ್ಸಿನ ಆನ್ಸಿ ಅನ್ನೋ ಊರಾಗ, ನಿಕೊಲಾ ಮೆರ್ಮೂ ಮತ್ತ ಝಾನ್-ಲೂಕ್ ಡಿಯಾರ್ ಅನ್ನೋ ಇಬ್ಬರು ಅದನ್ನ ಶುರು ಮಾಡಿದ್ರು. ಗುಡ್ಡದ ಮ್ಯಾಲಿಂದ ಜೋರಾಗಿ ಇಳಕೋತ ಓಡೋರಿಗೆ ಬೇಕಂತ ಹುಟ್ಟಿದ ಶೂ ಅದು. ಹಿಮ್ಮಡಿ ಕೆಳಗ ಸುಮಾರು 40 ಮಿಲಿಮೀಟರ್ ಫೋಮು, ಅಂದ್ರ ನಾಲ್ಕು ಸೆಂಟಿಮೀಟರ್. ಒಂದ ದಿಕ್ಕಿಗೆ ಮುಂದ ಮುಂದ ಹೋಗೋರಿಗೆ ಅದು ಸರಿ. ನಮ್ಮ ಸಂಸಾರದಾಗ ಯಾರು ಹಂಗ ಮುಂದ ಹೋಗ್ತಾರ? ಒಲಿಯಿಂದ ಸಿಂಕಿಗೆ ತಿರಗಬೇಕು, ಹೊಸ್ತಿಲಾ ದಾಟಬೇಕು, ಹಸೀ ನೆಲದ ಮ್ಯಾಲೆ ಸರೀಬೇಕು. ನಾಲ್ಕು ಸೆಂಟಿಮೀಟರ್ ಮ್ಯಾಲೆ ನಿಂತ ಕಾಲಿಗೆ ನೆಲದ ಅಂಚು ಗೊತ್ತಾಗೂದಿಲ್ಲ. ನಮ್ಮ ಪೈಕಿ ಒಬ್ಬಾಕಿ ಸಂತ್ಯಾಗ ಗಟಾರದ ಹಾಸಗಲ್ಲಿನ ಮ್ಯಾಲೆ ಕಾಲು ಹೊರಳಿ ತಿಂಗಳತನಕ ಪಟ್ಟಿ ಕಟಗೊಂಡು ಕೂತ್ಲು. ಮುಟ್ಟು ನಿಂತ ಮ್ಯಾಲೆ ನಮ್ಮ ಎಲುಬು ಸೊರಗತಾವ. ಈ ವಯಸ್ಸಿನಾಗ ಬೀಳೂದು ಹಿಮ್ಮಡಿ ನೋವಿಗಿಂತ ದೊಡ್ಡ ಸಂಕಟ.

ಮೆತ್ತಗ ಇದ್ರ ಏಟು ಕಡಿಮಿ ಅನ್ನೂದೂ ಪೂರಾ ಖರೇ ಅಲ್ಲ. 2018ರಾಗ ಫಿನ್ಲಂಡಿನ ಸಂಶೋಧಕರು 12 ಮಂದಿ ಗಂಡಸರನ್ನ ದಪ್ಪ ಶೂದಾಗೂ ಸಾದಾ ಓಟದ ಶೂದಾಗೂ ಓಡಿಸಿ ಅಳತಿ ಮಾಡಿದ್ರು. ತಾಸಿಗೆ 14.5 ಕಿಲೋಮೀಟರ್ ವೇಗದಾಗ ದಪ್ಪ ಶೂದಾಗ ಕಾಲಿಗೆ ಬಿದ್ದ ಏಟು ಸಾದಾ ಶೂಕ್ಕಿಂತ ಹೆಚ್ಚಿತ್ತು. ಯಾಕಂದ್ರ ಕೆಳಗ ಮೆತ್ತಗ ಇದ್ದಾಗ ಕಾಲು ತಾನ ಬಿರುಸ ಆಗ್ತದ, ಮೊಣಕಾಲು ಮಣಿಯೂದು ಕಡಿಮಿ ಆಗ್ತದ. ನಾವು ಆ ವೇಗದಾಗ ಓಡೋರಲ್ಲ, ಅದಕ್ಕ ಶೂನ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ಹೆಬ್ಬೆಟ್ಟಿನಿಂದ ಒತ್ತಿ ನೋಡಿ "ಇದು ಕಾಲು ಕಾಯ್ತದ" ಅಂತ ತೀರ್ಪು ಕೊಡಬ್ಯಾಡ್ರಿ ಅಂತೀನಿ, ಅಷ್ಟ.

ಇನ್ನ ರೊಕ್ಕದ ಲೆಕ್ಕ. ಓಟದ ಶೂದ ಫೋಮು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಸತ್ತು ಹೋಗ್ತದ ಅಂತಾರ. ಮುಂಜಾನೆ ಮೂರು ಕಿಲೋಮೀಟರ್, ತಿಂಗಳಿಗೆ 25 ದಿನ ಅಂದ್ರ 75 ಕಿಲೋಮೀಟರ್. ಏಳರಿಂದ ಹತ್ತು ತಿಂಗಳು ಬಾಳ್ತದ. ಅದನ್ನ ಮನಿ, ಪ್ಯಾಟಿ ಎಲ್ಲಾಕ್ಕೂ ಹಾಕ್ಕೊಂಡು ಇನ್ನೂ ಐದು ಕಿಲೋಮೀಟರ್ ತಿರಗಿದ್ರ ತಿಂಗಳಿಗೆ 200. ಎರಡೂವರಿಯಿಂದ ನಾಲ್ಕು ತಿಂಗಳಿಗೆ ಮುಗೀತು. ಮ್ಯಾಲೆ ನೋಡ್ಲಿಕ್ಕ ಹೊಸಾದರ ಹಂಗ ಇರ್ತದ, ಒಳಗ ಸತ್ತಿರ್ತದ. ಹತ್ತು ಸಾವಿರ ದಾಟಿದ ಶೂನ ಕೊತ್ತಂಬರಿ ತರಲಿಕ್ಕ ಸವಸೂದು ಯಾವ ಜಾಣತನ?

"ಹಂಗಾರ ಮನ್ಯಾಗ ಏನ ಮಾಡೂದು?" ಅಂತೀರಿ. ಅವ್ವನ ಕಾಲದಾಗ ಸಗಣಿ ಸಾರಿಸಿದ ಮಣ್ಣಿನ ನೆಲ ಇತ್ತು, ಬರಿಗಾಲು ನಡೀತು. ಈಗ ಗ್ರ್ಯಾನೈಟು, ಟೈಲ್ಸು. ಮುಂಜಾನೆ ಹಾಸಗಿ ಬಿಟ್ಟು ಇಟ್ಟ ಮೊದಲನೆ ಹೆಜ್ಜಿಗೆ ಹಿಮ್ಮಡ್ಯಾಗ ಸೂಜಿ ಚುಚ್ಚಿಧಂಗ ಆಗೋರು ನಮ್ಮೊಳಗ ಎಷ್ಟ ಮಂದಿ ಇದ್ದೀರಿ! ಅವರಿಗೆ ಬೇಕಾದ್ದು ಹೊರಗ ಎಂದೂ ಹೋಗದ, ಮನಿ ಒಳಗಿಂದ ಅಂತನ ಇರೋ ಒಂದು ಜೋಡು ಚಪ್ಪಲಿ. ಸಕ್ಕರಿ ರೋಗದವರಿಗೆ ಡಾಕ್ಟರು ಹೇಳೋ ಎಂಸಿಆರ್ ರಬ್ಬರಿನ ಚಪ್ಪಲಿ ಇದ್ರೂ ನಡೀತದ, ಅದರ ರೊಕ್ಕಾನೂ ಕಡಿಮಿ. ಮಡಿ ಮೈಲಿಗಿ ಅನ್ನೋ ಹಿರಿಯರಿಗೆ ನಾ ಕೈ ಮುಗದು ಹೇಳ್ತೀನಿ: ದೇವರ ಮನಿ ಬಾಗಲಿಗೆ ಬಿಟ್ಟು ಒಳಗ ಹೋಗ್ರಿ, ಆದ್ರ ಸೊಸಿ ಕಾಲು ಕಲ್ಲಿಗೆ ಕೊಡಬ್ಯಾಡ್ರಿ. ಸಕ್ಕರಿ ಇದ್ದು ಪಾದಾ ಜೋಮು ಹಿಡಿತಿದ್ರ ಅಂಗಡಿಗಿಂತ ಮೊದಲು ಡಾಕ್ಟರ ಕಡೆ ಹೋಗ್ರಿ.

ಶೂ ತಗೊಳ್ಳೋದು ಖರೆ ಇದ್ರ ಸಂಜಿಗೆ ಹೋಗ್ರಿ, ಆವಾಗ ಪಾದಾ ಬಾತಿರ್ತಾವ. ಕಾಲಚೀಲ ಹಾಕ್ಕೊಂಡು ನೋಡ್ರಿ, ಮುಂದ ಒಂದು ಹೆಬ್ಬೆಟ್ಟಿನಷ್ಟು ಜಾಗಾ ಇರಲಿ. ಜನ್ಮಾ ಎಲ್ಲಾ ಚಪ್ಪಲ್ಯಾಗ ಇದ್ದ ನಮ್ಮ ಬಟ್ಟು ಅಗಲಾಗಿರ್ತಾವ, ಮ್ಯಾಲೆ ಕಾಲುಂಗುರ ಬ್ಯಾರೆ. ಇಕ್ಕಟ್ಟಾದ್ರ ಉಂಗುರ ಬಾಜೂ ಬಟ್ಟಿಗೆ ಒರಸಿ ಗಾಯಾ ಮಾಡ್ತದ, ಅಗಲ ಮಾದರಿ ಕೇಳ್ರಿ. ಗೋಡಿ ಬಾಜೂ ಒಂಟಿ ಕಾಲ ಮ್ಯಾಲೆ ನಿಂತು ನೋಡ್ರಿ. ಆಮ್ಯಾಲೆ ಅಂಗಡಿ ಮೆಟ್ಟಲಾ ಇಳದು ನೋಡ್ರಿ. ತೂರ್ಯಾಡಿದ್ರ ಎಷ್ಟ ಮೆತ್ತಗಿದ್ರೂ ಅಲ್ಲೇ ಬಿಟ್ಟು ಬರ್ರಿ. ಮಗಾ ಆನ್‌ಲೈನ್ ತರಿಸೀನಿ ಅಂದ್ರೂ ತಿರಗಿ ಕಳಸೋದಕ್ಕ ನಾಚಬ್ಯಾಡ್ರಿ.

ಕಣಕ ಮೆತ್ತಗಿದ್ರ ಹೋಳಿಗಿ ಛೊಲೊ ಆಗ್ತದ, ನೀರ ಹೆಚ್ಚಾದ್ರ ಲಟ್ಟಿಸಲಿಕ್ಕ ಬರೂದಿಲ್ಲ. ಇಷ್ಟ ತಿಳಿಯೋ ನಮಗ ಶೂದ ಲೆಕ್ಕ ತಿಳಿಯೂದಿಲ್ಲೇನು? ದಪ್ಪ ಶೂ ಮುಂಜಾನಿ ರಸ್ತಾಕ್ಕ ಇಡ್ರಿ, ಮನಿಗೆ ಮನಿ ಚಪ್ಪಲಿ, ಪ್ಯಾಟಿಗೆ ಕಾಲಿಗೆ ನೆಲ ಗೊತ್ತಾಗೋ ಗಟ್ಟಿ ಅಡಿ ಚಪ್ಪಲಿ. ಇದಕ್ಕ ಯಾರರ "ಮೂರು ಜೋಡು ಯಾಕ ಬೇಕು ನಿನಗ?" ಅಂದ್ರ, ಅವರ ಮನಿ ಚಪ್ಪಲಿ ಸ್ಟ್ಯಾಂಡಿನಾಗ ಗಂಡಸರವು ಎಷ್ಟ ಅವ ಅಂತ ಎಣಿಸಿ ತೋರಸ್ರಿ.