ಬೈಕಿನ ಮೇಲೆ ರಿವಾಲ್ವರ್: ಕಾನೂನು ಕೇಳುವುದೇನು, ದೇಹ ತಾಳುವುದೆಷ್ಟು

ಅಂಗಿಯೊಳಗೆ ಪಿಸ್ತೂಲು ಮರೆಮಾಡಿಕೊಂಡು ಬೈಕಿನಲ್ಲಿ ಹೋಗುವವನು ಎಂದರೆ ನಮ್ಮ ಮನಸ್ಸಿಗೆ ಮೊದಲು ಬರುವುದು ಅಪರಾಧಿಯೇ. ಹಾಗೆ ಬರಲು ಕಾರಣವೂ ಇದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ವಚನ ಸಾಹಿತ್ಯದ ವಿದ್ವಾಂಸ ಎಂ.ಎಂ. ಕಲಬುರ್ಗಿ ಅವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದವರು ಬೈಕಿನಲ್ಲೇ ಬಂದಿದ್ದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಗೂ ಬಳಕೆಯಾದದ್ದು ಬೈಕು ಮತ್ತು 7.65 ಎಂ.ಎಂ. ನಾಡ ಪಿಸ್ತೂಲು. ನಮ್ಮ ಜಿಲ್ಲಾ ಕೇಂದ್ರದ ನೆನಪಂತೂ ಇನ್ನೂ ಹಸಿಯಾಗಿದೆ. 2025ರ ಜನವರಿ 16ರಂದು ಬೀದರ್‌ನ ಸ್ಟೇಟ್ ಬ್ಯಾಂಕ್ ಎದುರು ಎಟಿಎಂಗೆ ಹಣ ಒಯ್ಯುತ್ತಿದ್ದವರ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿ ಹಣದ ಪೆಟ್ಟಿಗೆಯೊಂದಿಗೆ ಪರಾರಿಯಾದರು. ಅದೇ ಸಂಜೆ ಹೈದರಾಬಾದ್‌ನ ಅಫ್ಜಲ್‌ಗಂಜ್‌ನಲ್ಲಿ ಅವರ ಕೈಯಿಂದಲೇ ಮತ್ತೆ ಗುಂಡು ಹಾರಿತು.

ಇಂಥ ಘಟನೆ ನಡೆದಾಗಲೆಲ್ಲ ಇನ್ನೊಂದು ಬಗೆಯ ಜನರಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅವರು ಪರವಾನಗಿ ಪಡೆದು ರಿವಾಲ್ವರ್ ಇಟ್ಟುಕೊಂಡವರು: ನಿವೃತ್ತ ಸೈನಿಕ, ಗುತ್ತಿಗೆದಾರ, ಬಂಗಾರದ ಅಂಗಡಿಯವರು, ಅಡತಿ ವ್ಯಾಪಾರಿ. ನಮ್ಮ ಜಿಲ್ಲೆಯ ಬೇಮಳಖೇಡದಂಥ ಊರಿನಿಂದ ಚಿಟಗುಪ್ಪಕ್ಕೋ ಹುಮನಾಬಾದ್‌ಗೋ ಹೋಗಬೇಕೆಂದರೆ ಹೆಚ್ಚಿನವರಿಗೆ ಇರುವುದು ಬೈಕು. ಆಯುಧವನ್ನು ಜೊತೆಗೊಯ್ಯಬೇಕಾದರೆ ಅದನ್ನು ಎಲ್ಲಿಟ್ಟುಕೊಳ್ಳಬೇಕು? ಸೊಂಟಕ್ಕೆ ಒತ್ತದಂತೆ, ಯಾರ ಕಣ್ಣಿಗೂ ಬೀಳದಂತೆ, ಆರಾಮವಾಗಿ ಒಯ್ಯುವುದು ಹೇಗೆ? ಮೇಲುನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಬಿಡಿಸುತ್ತ ಹೋದರೆ ಕಾನೂನು, ಯಂತ್ರ, ಮೈಮೂಳೆ ಎಲ್ಲವೂ ಅದರೊಳಗೆ ಬರುತ್ತವೆ.

ಮೊದಲು ಕಾನೂನು. ನಮ್ಮಲ್ಲಿ ಬಂದೂಕು ಹೊಂದುವುದನ್ನು ನಿಯಂತ್ರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿ ಬಂದ 2016ರ ನಿಯಮಗಳು. ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ಜಿಲ್ಲಾಧಿಕಾರಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳಲು ಅವಕಾಶವಿಲ್ಲ. ಪರವಾನಗಿಯ ಅವಧಿ ಐದು ವರ್ಷ. ಸೇನೆ ಮತ್ತು ಪೊಲೀಸರು ಬಳಸುವ 9 ಎಂ.ಎಂ. ಅಳತೆಯ ಪಿಸ್ತೂಲು ಸಾಮಾನ್ಯರಿಗೆ ನಿಷಿದ್ಧ. ಆದ್ದರಿಂದ ನಾಗರಿಕರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32 ಅಳತೆಯದು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಸುಮಾರು 700 ಗ್ರಾಂ ತೂಗುತ್ತದೆ. 2014ರಲ್ಲಿ ಮಹಿಳೆಯರಿಗೆಂದು ಬಂದ ‘ನಿರ್ಭೀಕ್’ ಸುಮಾರು 500 ಗ್ರಾಂ.

ಇನ್ನು ಹೊತ್ತೊಯ್ಯುವ ರೀತಿ. ಇದಕ್ಕೆಂದೇ 2016ರ ನಿಯಮಗಳಲ್ಲಿ 32ನೆಯ ನಿಯಮವಿದೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವವರು ಅದನ್ನು ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲಿ, ಎಂದರೆ ಆಯುಧದ ಅಳತೆಗೇ ಮಾಡಿದ ಒರೆಯಲ್ಲಿ, ಅಥವಾ ಬೆನ್ನಚೀಲದಂಥದ್ದರಲ್ಲಿ ಇಟ್ಟಿರಬೇಕು. ಅದು ಪೂರ್ತಿ ಮುಚ್ಚಿರಬೇಕು. ಒಯ್ಯುವವರಿಗೆ ಅದರ ಮೇಲೆ ಪರಿಣಾಮಕಾರಿ ಹಿಡಿತ ಇರಬೇಕು.

ಇಲ್ಲೊಂದು ವಿಷಯ ಗಮನಿಸಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಆಯುಧವನ್ನು ಮರೆಮಾಡಿ ಒಯ್ಯುವುದೇ ದೊಡ್ಡ ಚರ್ಚೆಯ ವಿಷಯ. ಬಹುಕಾಲ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕಿತ್ತು. ನಮ್ಮಲ್ಲಿ ಆಯುಧ ಹೊಂದುವುದೇ ಹಕ್ಕಲ್ಲ, ಕಾರಣ ತೋರಿಸಿ ಪಡೆಯುವ ಅನುಮತಿ. ಅದು ಸಿಕ್ಕ ಮೇಲೆ ಮುಚ್ಚಿ ಒಯ್ಯುವುದು ಕಡ್ಡಾಯ. ಮದುವೆ ಮೆರವಣಿಗೆಯಲ್ಲಿ ಸೊಂಟದ ರಿವಾಲ್ವರ್ ಎದ್ದು ಕಾಣುವಂತೆ ಅಂಗಿಯ ತುದಿ ಎತ್ತಿ ಸಿಕ್ಕಿಸಿಕೊಂಡವರು ಗತ್ತು ತೋರಿಸುತ್ತಿರುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅವರು ನಿಯಮ ಮುರಿಯುತ್ತಿರುತ್ತಾರೆ. ಪರವಾನಗಿಯ ಷರತ್ತು ಮುರಿದರೆ ಕಾಯ್ದೆಯ 30ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಆಗಬಹುದು. ಅದೇ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, 2019ರ ತಿದ್ದುಪಡಿಯಂತೆ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬೈಕ್ ಸವಾರರಿಗೆ ‘ಹಿಡಿತ’ ಎಂಬ ಷರತ್ತೇ ಹೆಚ್ಚು ಕಷ್ಟದ್ದು. ಪಕ್ಕದ ಪೆಟ್ಟಿಗೆ, ಟ್ಯಾಂಕಿನ ಮೇಲಿನ ಚೀಲ, ಸ್ಕೂಟರಿನ ಡಿಕ್ಕಿ ಇವೆಲ್ಲ ಆರಾಮವೇ. ಆದರೆ ಅವು ಗಾಡಿಗೆ ಅಂಟಿಕೊಂಡಿರುತ್ತವೆ, ಮೈಗಲ್ಲ. ಚಹಾ ಕುಡಿಯಲು ಇಳಿದರೆ ಆಯುಧ ಹೊರಗೆ ಉಳಿಯುತ್ತದೆ. ಡಿಕ್ಕಿಯ ಬೀಗವನ್ನು ಒಂದು ಸ್ಕ್ರೂ ಡ್ರೈವರ್‌ನಿಂದ ಮೀಟಿ ತೆರೆಯಬಹುದು ಎಂಬುದು ಹೆಲ್ಮೆಟ್ ಕಳೆದುಕೊಂಡವರಿಗೆಲ್ಲ ಗೊತ್ತು. ಬೆನ್ನಚೀಲಕ್ಕೆ ನಿಯಮದ ಒಪ್ಪಿಗೆ ಇದೆ. ಆದರೂ ಸಂತೆಯ ಗದ್ದಲದಲ್ಲಿ ಗಾಡಿ ನಿಧಾನವಾದಾಗ ಬೆನ್ನ ಹಿಂದಿನ ಜಿಪ್ ಯಾರು ಎಳೆದರೆಂಬುದು ಸವಾರನಿಗೆ ತಿಳಿಯುವುದಿಲ್ಲ. ಹಾಗಾಗಿ ಉಳಿಯುವುದು ಮೈಗೆ ಕಟ್ಟಿದ ಒರೆ.

ಒರೆ ಮೂರು ಕೆಲಸ ಮಾಡಬೇಕು. ಆಯುಧ ಜಾರದಂತೆ ಹಿಡಿದಿರಬೇಕು, ಅದಕ್ಕಾಗಿ ಮೇಲೊಂದು ಪಟ್ಟಿಯೋ ಗುಂಡಿಯೋ ಇರುತ್ತದೆ. ಪ್ರತಿ ಬಾರಿಯೂ ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿ ನಿಂತಿರಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕುದುರೆಯನ್ನು, ಎಂದರೆ ಬೆರಳಿನಿಂದ ಎಳೆಯುವ ಟ್ರಿಗರ್ ಭಾಗವನ್ನು, ಪೂರ್ತಿ ಮುಚ್ಚಿರಬೇಕು. ಗುಂಡು ಹಾರಲು ಕುದುರೆ ಎಳೆಯಬೇಕು. ಎಳೆದದ್ದು ಬೆರಳೋ, ಜಾಕೆಟ್ಟಿನ ದಾರವೋ, ಅಂಗಿಯ ಮಡಿಕೆಯೋ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಒರೆಯಿಲ್ಲದೆ ಪ್ಯಾಂಟಿನ ಜೇಬಿಗೆ ತುರುಕುವುದು, ಬರೀ ಬೆಲ್ಟಿಗೆ ಸಿಕ್ಕಿಸುವುದು ಈ ಕಾರಣಕ್ಕೇ ಅಪಾಯ. ಹಳೆಯ ರಿವಾಲ್ವರ್‌ಗಳಲ್ಲಿ ಇನ್ನೊಂದು ತೊಡಕಿದೆ. ಕೆಲವು ಮಾದರಿಗಳಲ್ಲಿ ಸುತ್ತಿಗೆ, ಎಂದರೆ ಗುಂಡಿನ ಹಿಂಬದಿಗೆ ಹೊಡೆಯುವ ಭಾಗ, ನೇರವಾಗಿ ಗುಂಡಿನ ಮೇಲೇ ಕೂತಿರುತ್ತದೆ. ಅದಕ್ಕೆ ಜೋರು ಪೆಟ್ಟು ಬಿದ್ದರೆ ಕುದುರೆ ಮುಟ್ಟದೆಯೂ ಗುಂಡು ಸಿಡಿಯಬಹುದು. ಆ ಕಾಲದವರು ಸುತ್ತಿಗೆಯ ಕೆಳಗಿನ ಗೂಡನ್ನು ಖಾಲಿ ಬಿಡುತ್ತಿದ್ದುದು ಅದಕ್ಕೇ. ಅಜ್ಜನ ಕಾಲದ ರಿವಾಲ್ವರ್ ಮೊಮ್ಮಗನ ಹೆಸರಿಗೆ ವರ್ಗವಾದ ಮನೆಗಳಲ್ಲಿ, ಅದು ಯಾವ ಬಗೆಯದೆಂದು ಪರವಾನಗಿ ಇರುವ ದುರಸ್ತಿದಾರರಿಗೆ ತೋರಿಸುವುದು ಒಳ್ಳೆಯದು.

ಈಗ ಮೈಯ ಕಡೆ ಬರೋಣ. ನಿಂತಾಗ ಹಿತವಾಗಿರುವ ಒರೆ ಬೈಕಿನ ಮೇಲೆ ಕೂತಾಗ ಹಿತವಾಗಿರುವುದಿಲ್ಲ. ಕೂತಾಗ ಸೊಂಟ ಮಡಿಯುತ್ತದೆ, ತೊಡೆ ಮೇಲೇರುತ್ತದೆ, ಮೈ ಹ್ಯಾಂಡಲ್ ಕಡೆಗೆ ಬಾಗುತ್ತದೆ. ಹೊಟ್ಟೆಯ ಮುಂದೆ ಕಟ್ಟಿದರೆ ಹಿಡಿ ಹೊಟ್ಟೆಗೆ ಚುಚ್ಚುತ್ತದೆ, ನಳಿಗೆಯ ತುದಿ ತೊಡೆಯ ಸಂದಿಗೆ ನೆಟ್ಟಿರುತ್ತದೆ. ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ಹಾದುಹೋಗುವುದೂ ಅಲ್ಲೇ. ಬೆನ್ನ ಹಿಂದೆ ಕಟ್ಟಿದರೆ ಕೂರಲು ಹಿತ, ಆದರೆ ಗಾಳಿಗೆ ಅಂಗಿ ಮೇಲೇರಿ ಆಯುಧ ಹೊರಗೆ ಕಾಣುತ್ತದೆ. ಅಂಗಾತ ಬಿದ್ದರೆ ಕಬ್ಬಿಣದ ಗಡ್ಡೆ ನೇರ ಬೆನ್ನುಮೂಳೆಯ ಕೆಳಗೆ. ಪಕ್ಕಕ್ಕೆ ಕಟ್ಟಿದರೆ ಬೈಕ್ ವಾಲಿದಾಗ ಮೊದಲು ನೆಲ ಮುಟ್ಟುವುದು ಆ ಪಕ್ಕವೇ. ಕಂಕುಳ ಕೆಳಗಿನ ಒರೆ ಇದ್ದುದರಲ್ಲಿ ಮೇಲು. ಆದರೆ ಅದರ ಮೇಲೆ ಜಾಕೆಟ್ ಬೇಕು, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಜಾಕೆಟ್ ತೊಟ್ಟು ಹೊಲದ ದಾರಿ ಹಿಡಿಯುವವರು ಎಷ್ಟು ಮಂದಿ? ಅಲ್ಲಿಯೂ ಪಕ್ಕೆಲುಬಿನ ಚಿಂತೆ ತಪ್ಪದು.

ಬೀಳುವುದರ ಲೆಕ್ಕ ಇಷ್ಟು. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಜಾರಿ ಬಿದ್ದು ಉಜ್ಜಿಕೊಂಡು ಹೋದರೆ ಆ ವೇಗ ನಿಧಾನಕ್ಕೆ ಕರಗುತ್ತದೆ. ರಸ್ತೆಯ ಮೋರಿಯ ಕಟ್ಟೆಗೋ, ಹಿಂಬದಿಯ ದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಲಿಗೋ ಬಡಿದರೆ, ಆರು ಮೀಟರ್ ಎತ್ತರದ ಮಾಳಿಗೆಯಿಂದ ಬಿದ್ದಷ್ಟು ಪೆಟ್ಟು. ಬರೀ ಮೈಗೆ ಬಿದ್ದ ಪೆಟ್ಟು ಅಗಲಕ್ಕೆ ಹಂಚಿಕೊಳ್ಳುತ್ತದೆ. ನಡುವೆ 700 ಗ್ರಾಂ ಉಕ್ಕು ಇದ್ದರೆ ಅಷ್ಟೂ ಬಲ ಅದರ ಅಂಚಿನಲ್ಲಿ ಕೂಡಿ ಮೂಳೆಗೆ ಇಳಿಯುತ್ತದೆ. ಬಿದ್ದ ಸವಾರ ಎಚ್ಚರ ತಪ್ಪಿದ್ದರೆ, ನೀರು ಕುಡಿಸಲು, ಅಂಗಿ ಸಡಿಲಿಸಲು ಓಡಿಬಂದವರ ಕೈಗೆ ಸಿಗುವುದು ಗುಂಡು ತುಂಬಿದ ಆಯುಧ.

ಧೂಳು ಮತ್ತು ಬೆವರಿನ ಮಾತು ಬೇರೆ. ಬೆವರಿನ ಉಪ್ಪು ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಧೂಳು ತಿರುಗುವ ಭಾಗಗಳಲ್ಲಿ ಕೂರುತ್ತದೆ. ವಾರಗಟ್ಟಲೆ ಸೊಂಟದಲ್ಲಿದ್ದು ಒರೆಸದ ರಿವಾಲ್ವರ್ ಬೇಕಾದಾಗ ಕೆಲಸ ಮಾಡುತ್ತದೆಂಬ ಖಾತ್ರಿಯಿಲ್ಲ.

ಗಡಿಯ ಊರಿನವರಿಗೆ ಇನ್ನೊಂದು ಎಚ್ಚರಿಕೆ. ಪರವಾನಗಿ ಯಾವ ಪ್ರದೇಶಕ್ಕೆ ಅನ್ವಯ ಎಂಬುದು ಅದರಲ್ಲೇ ಬರೆದಿರುತ್ತದೆ. 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಪೂರ್ವಕ್ಕೆ ಜಹೀರಾಬಾದ್, ತೆಲಂಗಾಣ. ಪಶ್ಚಿಮಕ್ಕೆ ಉಮರ್ಗಾ, ಮಹಾರಾಷ್ಟ್ರ. ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಪರವಾನಗಿ ಆ ಗಡಿ ದಾಟಿದ ಮೇಲೆ ರಕ್ಷಣೆ ಕೊಡದು. ಪೊಲೀಸರು ಕೇಳಿದರೆ ಪರವಾನಗಿ ತೋರಿಸಬೇಕೆಂದು 19ನೇ ಕಲಮು ಹೇಳುತ್ತದೆ. ತಪಾಸಣೆಯಲ್ಲಿ ನಿಲ್ಲಿಸಿದಾಗ ಕೈ ಸೊಂಟಕ್ಕೆ ಹಾಕದೆ, ಆಯುಧ ಇದೆಯೆಂದು ಬಾಯಲ್ಲಿ ಹೇಳಿ, ಅವರು ಹೇಳಿದಂತೆ ನಡೆದುಕೊಳ್ಳುವುದೇ ಜಾಣತನ.

ಇಷ್ಟೆಲ್ಲ ನೋಡಿದ ಮೇಲೆ ನನಗನಿಸುವುದು: ಬೈಕಿನ ಮೇಲೆ ಆರಾಮವೂ ಸುರಕ್ಷಿತವೂ ಆಗುವಂತೆ ರಿವಾಲ್ವರ್ ಕಟ್ಟಿಕೊಳ್ಳುವ ಜಾಗ ಮೈಮೇಲೆ ಇಲ್ಲ. ಅಪಾಯ ಕಡಿಮೆ ಇರುವ ಜಾಗಗಳಿವೆ, ಅಷ್ಟೇ. ಬೀದರ್‌ನ ಘಟನೆಯಂಥ ದಾಳಿ ಕ್ಷಣಗಳಲ್ಲಿ ಮುಗಿಯುತ್ತದೆ. ಎರಡೂ ಕೈ ಹ್ಯಾಂಡಲ್ ಮೇಲಿರುವ, ತಲೆಗೆ ಹೆಲ್ಮೆಟ್ ಇರುವ ಸವಾರ ಪಟ್ಟಿ ಬಿಚ್ಚಿ ಆಯುಧ ಹೊರತೆಗೆಯುವಷ್ಟರಲ್ಲಿ ಆಗಬೇಕಾದುದು ಆಗಿರುತ್ತದೆ. ದೊಡ್ಡ ಹಣ ಒಯ್ಯುವುದಿದ್ದರೆ ಬ್ಯಾಂಕಿನ ಮೂಲಕ ವರ್ಗಾಯಿಸುವುದು, ಅದಾಗದಿದ್ದರೆ ಕಾರಿನಲ್ಲಿ ಇಬ್ಬರು ಹೋಗುವುದು ರಿವಾಲ್ವರ್‌ಗಿಂತ ಹೆಚ್ಚು ಕಾಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಪ್ಪದವರೂ ಇರುತ್ತಾರೆ, ಅವರಿಗೆ ಜೀವಬೆದರಿಕೆ ನಿಜವಾಗಿಯೇ ಇರಬಹುದು. 2016ರ ನಿಯಮಗಳು ಪರವಾನಗಿಗೆ ಸುರಕ್ಷತಾ ತರಬೇತಿ ಬೇಕೆನ್ನುತ್ತವೆ, ಆಯುಧ ಒಯ್ಯುವ ಕ್ರಮವೂ ಅದರ ಪಾಠದಲ್ಲಿ ಸೇರಿದೆ. ಕರ್ನಾಟಕ ಪೊಲೀಸರು ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದೂ ಉಂಟು. ಅಲ್ಲಿ ಗುರಿಯಿಟ್ಟು ಹೊಡೆಯುವುದರ ಜೊತೆಗೆ, ಖಾಲಿ ರಿವಾಲ್ವರ್ ಒರೆಯಲ್ಲಿಟ್ಟು ಬೈಕ್ ಹತ್ತುವುದು, ಇಳಿಯುವುದು, ಹಠಾತ್ ಬ್ರೇಕ್ ಹಾಕುವುದನ್ನೂ ಮಾಡಿಸಿದರೆ ಯಾವ ಒರೆ ಎಲ್ಲಿ ಕೈಕೊಡುತ್ತದೆಂದು ಕಲಿಯುವವರಿಗೆ ಅವರ ಮೈಯಿಂದಲೇ ತಿಳಿಯುತ್ತದೆ. ಅದಕ್ಕೆ ಬೇಕಾದುದು ಒಂದು ಬಯಲು, ಒಂದು ಹಳೆಯ ಬೈಕು, ಅರ್ಧ ದಿನ.