ಹೆಗಲ ಮೇಲಿನ ಕೈ

ನಮ್ಮ ಹಳ್ಳಿಗಳಲ್ಲಿಯೂ ಪೇಟೆಗಳಲ್ಲಿಯೂ ಇಬ್ಬರು ಗೆಳೆಯರು ಹೆಗಲ ಮೇಲೆ ಕೈಹಾಕಿಕೊಂಡು ನಡೆಯುವುದು ಬಹುಕಾಲದಿಂದ ಕಂಡುಬಂದಿರುವ ನೋಟ. ಅದರಲ್ಲಿ ವಿಶೇಷವೇನನ್ನೂ ಯಾರೂ ಕಾಣುತ್ತಿರಲಿಲ್ಲ. ಆದರೆ ಈಚೆಗೆ ಕಾಲೇಜಿನ ತರುಣರಲ್ಲಿ ಕೆಲವರು ಗೆಳೆಯನ ಕೈಹಿಡಿಯಲು ಸಂಕೋಚಪಡುವುದನ್ನೂ, ಹಿಡಿದವರನ್ನು ಉಳಿದವರು ಹಾಸ್ಯಮಾಡುವುದನ್ನೂ ನಾವು ಕಂಡಿದ್ದೇವೆ. ಇದನ್ನು ಕೇವಲ ಹುಡುಗಾಟವೆಂದು ತಳ್ಳಿಬಿಡುವಂತಿಲ್ಲ. ಇಂತಹ ಸಂಕೋಚವು ಒಂದು ಸಮಾಜದಲ್ಲಿ ಹೇಗೆ ಬೆಳೆಯುತ್ತದೆ, ಅದರಲ್ಲಿ ವಿಜ್ಞಾನದ ಪಾಲೆಷ್ಟು ಎಂಬುದಕ್ಕೆ ಅಮೆರಿಕದ ಇತಿಹಾಸದಲ್ಲಿ ಸ್ಪಷ್ಟವಾದ ನಿದರ್ಶನವಿದೆ.

1837ರಲ್ಲಿ ತರುಣ ವಕೀಲನಾದ ಅಬ್ರಹಾಂ ಲಿಂಕನ್ ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಬಂದಾಗ ಅವನಲ್ಲಿ ಹಾಸಿಗೆಯನ್ನು ಕೊಳ್ಳುವಷ್ಟು ಹಣವೂ ಇರಲಿಲ್ಲ. ಅಂಗಡಿಯ ಪಾಲುದಾರನಾಗಿದ್ದ ಜೋಶುವಾ ಸ್ಪೀಡ್ ತನ್ನ ಕೋಣೆಯಲ್ಲಿ, ತನ್ನ ಹಾಸಿಗೆಯಲ್ಲಿಯೇ ಅವನಿಗೆ ಸ್ಥಳ ಕೊಟ್ಟನು. ಸುಮಾರು 4 ವರ್ಷ ಅವರು ಹಾಗೆಯೇ ಇದ್ದರು. ಮುಂದೆ ಮದುವೆಯ ವಿಷಯದಲ್ಲಿ ತಮಗಿದ್ದ ಅಳುಕನ್ನು ಪತ್ರಗಳಲ್ಲಿ ತೋಡಿಕೊಂಡರು. ಈ ಸ್ನೇಹದ ಸ್ವರೂಪವನ್ನು ಕುರಿತು ಇಂದಿನ ಇತಿಹಾಸಕಾರರು ವಾದಿಸುತ್ತಾರೆ. ಹಾಸಿಗೆಯನ್ನು ಹಂಚಿಕೊಳ್ಳುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಮಾತ್ರ ಅದು ಬೆರಗಿನ ಸಂಗತಿಯಾಗಿರಲಿಲ್ಲ.

1869ರಲ್ಲಿ ಕರ್ಟ್‌ಬೆನಿ ಎಂಬ ಲೇಖಕನು ಸಲಿಂಗಪ್ರೇಮವನ್ನು ಸೂಚಿಸಲು ‘ಹೋಮೋಸೆಕ್ಷುಯಲ್’ ಎಂಬ ಹೊಸ ಪದದ ಮೂಲರೂಪವನ್ನು ಜರ್ಮನ್ ಭಾಷೆಯಲ್ಲಿ ಅಚ್ಚಿಗೆ ತಂದನು. ಅಂತಹವರನ್ನು ದಂಡಿಸುವ ಕಾನೂನನ್ನು ವಿರೋಧಿಸುವುದೇ ಅವನ ಉದ್ದೇಶವಾಗಿತ್ತು. ಆದರೆ ವೈದ್ಯರು ಆ ಪದವನ್ನು ರೋಗದ ಹೆಸರನ್ನಾಗಿ ಮಾಡಿಕೊಂಡರು. 1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಪ್ರಕಟಿಸಿದ ಮನೋರೋಗಗಳ ಪಟ್ಟಿಯಲ್ಲಿ ಅದು ಸೇರಿತು. ಮರುವರ್ಷವೇ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆಜ್ಞೆಯ ಆಧಾರದ ಮೇಲೆ ಇಂತಹವರನ್ನು ಸರ್ಕಾರದ ಉದ್ಯೋಗಗಳಿಂದ ತೆಗೆದುಹಾಕಲಾಯಿತು. ಪ್ರೇಮಿಗಳಿಗೆಂದು ಬೀಸಿದ ಬಲೆಯಲ್ಲಿ ಸ್ನೇಹಿತರೂ ಸಿಕ್ಕಿಕೊಂಡರು. ಹಳೆಯ ಭಾವಚಿತ್ರಗಳಲ್ಲಿ ಒಬ್ಬರಿಗೊಬ್ಬರು ಒರಗಿ ಕುಳಿತಿದ್ದ ಗೆಳೆಯರು, ಇಪ್ಪತ್ತನೆಯ ಶತಮಾನ ಮುಂದುವರಿದಂತೆ ದೂರ ದೂರ ಸರಿದುದನ್ನು ಜಾನ್ ಇಬ್ಸನ್ ಎಂಬ ವಿದ್ವಾಂಸನು ತನ್ನ ಗ್ರಂಥದಲ್ಲಿ ತೋರಿಸಿದ್ದಾನೆ.

ಈ ರೋಗದ ಮಾತು ನಿಜವೇ ಎಂದು ಪರೀಕ್ಷಿಸಿದವಳು ಮನೋವಿಜ್ಞಾನಿ ಎವೆಲಿನ್ ಹೂಕರ್. ಆ ಕಾರ್ಯಕ್ಕೆ ಮೂಲವೂ ಒಂದು ಸ್ನೇಹವೇ. ಆಕೆಯ ವಿದ್ಯಾರ್ಥಿಯಾಗಿದ್ದು ಮಿತ್ರನಾದವನೊಬ್ಬನು, ತನ್ನಂತಹವರನ್ನು ಶಾಸ್ತ್ರೀಯವಾಗಿ ಅಭ್ಯಸಿಸಬೇಕೆಂದು ಒತ್ತಾಯಪಡಿಸಿದನು. ಅದುವರೆಗಿನ ವೈದ್ಯರು ಬಹುಮಟ್ಟಿಗೆ ಆಸ್ಪತ್ರೆಗೋ ಸೆರೆಮನೆಗೋ ಬಂದವರನ್ನೇ ನೋಡಿದ್ದರು. ಹೂಕರ್ ಚಿಕಿತ್ಸೆಯಲ್ಲಿಲ್ಲದ 30 ಮಂದಿ ಸಲಿಂಗಪ್ರೇಮಿಗಳನ್ನೂ, ವಯಸ್ಸು, ವಿದ್ಯೆ, ಬುದ್ಧಿಮಟ್ಟಗಳಲ್ಲಿ ಅವರಿಗೆ ಸಮನಾದ 30 ಮಂದಿ ಇತರ ಗಂಡಸರನ್ನೂ ಆರಿಸಿ, ಮಸಿಕಲೆಗಳ ಪರೀಕ್ಷೆ ಮೊದಲಾದುವುಗಳಿಗೆ ಒಳಪಡಿಸಿದಳು. ಉತ್ತರಗಳನ್ನು ಹೆಸರಿಲ್ಲದೆ ನುರಿತ ತಜ್ಞರ ಮುಂದಿಟ್ಟಾಗ, ಯಾವುದು ಯಾರದೆಂದು ಅವರು ಬೇರ್ಪಡಿಸಲಾರದೆ ಹೋದರು. ಫಲಿತಾಂಶವು 1957ರಲ್ಲಿ ಪ್ರಕಟವಾಯಿತು. 1973ರಲ್ಲಿ ಮನೋವೈದ್ಯರ ಸಂಘವು ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ನಿರ್ಧಾರಕ್ಕೆ ಬಂದಿತು. ನಮ್ಮಲ್ಲಿ ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಸೇರಿಸಿದ್ದ 377ನೆಯ ವಿಧಿಯು, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪು ನೀಡಿತು.

ಪಟ್ಟಿಯನ್ನು ತಿದ್ದಿದಷ್ಟು ಬೇಗನೆ ಮನಸ್ಸು ತಿದ್ದಿಕೊಳ್ಳುವುದಿಲ್ಲ. ಅಮೆರಿಕದ ಸಮೀಕ್ಷೆಗಳಲ್ಲಿ ತಮಗೆ ಆಪ್ತಮಿತ್ರರೇ ಇಲ್ಲವೆಂದ ಗಂಡಸರು 1990ರಲ್ಲಿ ಶೇಕಡಾ 3 ಇದ್ದರೆ, 2021ರಲ್ಲಿ ಶೇಕಡಾ 15 ಆಗಿದ್ದರು. ಇದಕ್ಕೆ ಕೆಲಸದ ಒತ್ತಡ, ಊರುಬಿಟ್ಟು ಊರಿಗೆ ಹೋಗುವುದು ಮೊದಲಾದ ಕಾರಣಗಳೂ ಇರಬಹುದು. ಒಂದೇ ಕಾರಣವನ್ನು ಹೊಣೆಮಾಡುವುದು ವಿಜ್ಞಾನದ ರೀತಿಯಲ್ಲ. ಆದರೂ ಮನಸ್ಸಿನ ಮೃದುತ್ವವನ್ನು ತೋರಿಸಲು ಅಂಜುವವನಿಗೆ ಆಪ್ತನಾದ ಗೆಳೆಯನು ದೊರಕುವುದು ಕಷ್ಟವೆಂದೇ ನಮ್ಮ ಅಭಿಪ್ರಾಯ.

‘ಈ ವಿಷಯಗಳನ್ನು ಬಾಯಿಬಿಟ್ಟು ಆಡದಿದ್ದ ಕಾಲದಲ್ಲಿಯೇ ಸ್ನೇಹವು ನಿರ್ಮಲವಾಗಿತ್ತು, ಮಾತು ಹೆಚ್ಚಿದ್ದರಿಂದಲೇ ಸಂದೇಹ ಹುಟ್ಟಿತು’ ಎಂದು ಹಿರಿಯರು ಕೆಲವರು ಹೇಳುವುದುಂಟು. ಅದರಲ್ಲಿ ಸ್ವಲ್ಪ ಸತ್ಯವಿದೆಯೆಂದು ಒಪ್ಪುತ್ತೇವೆ. ಆದರೆ ಆ ಮೌನದ ಬೆಲೆಯನ್ನು ತೆತ್ತವರು ಬೇರೆಯವರು. ತಮ್ಮ ಒಲವನ್ನು ಯಾರಿಗೂ ಹೇಳಲಾರದೆ, ಒಲ್ಲದ ಮದುವೆಗೆ ಕೊರಳೊಡ್ಡಿ ಬಾಳಿದವರ ನೋವಿನ ಮೇಲೆ ನಿಂತ ನಿರ್ಮಲತೆ ನಮಗೆ ಬೇಕಾಗಿಲ್ಲ. ಸಂದೇಹಕ್ಕೆ ಕಾರಣವಾದದ್ದು ಮಾತಲ್ಲ. ಪ್ರೇಮವನ್ನು ಕಳಂಕವೆಂದು ಎಣಿಸಿದ್ದು. ಕಳಂಕವೇ ಅಲ್ಲದ ಮೇಲೆ ‘ಜನ ನಮ್ಮನ್ನು ಏನೆಂದುಕೊಂಡಾರು’ ಎಂಬ ಅಂಜಿಕೆಗೆ ಆಧಾರವೆಲ್ಲಿದೆ?

ಆದುದರಿಂದ ನಮ್ಮ ತರುಣ ವಾಚಕರಿಗೆ ನಾವು ಹೇಳುವುದಿಷ್ಟೆ. ಸ್ನೇಹವು ಸ್ನೇಹವೇ ಎಂದು ಯಾರಿಗೂ ರುಜುವಾತುಪಡಿಸಬೇಕಾಗಿಲ್ಲ. ಪರೀಕ್ಷೆಯಲ್ಲಿ ನಪಾಸಾಗಿಯೋ ಮನೆಯಲ್ಲಿ ಸಾವುಂಟಾಗಿಯೋ ಕುಗ್ಗಿರುವ ಗೆಳೆಯನ ಹೆಗಲ ಮೇಲೆ ಕೈಯಿಡಲು ಹಿಂದೆಗೆಯಬೇಡಿರಿ. ಮುಂದೊಂದು ದಿನ ಅವನೇ ನಿಮ್ಮನ್ನು ಒಂದೆಡೆಗೆ ಕರೆದು, ತನ್ನ ಮನಸ್ಸು ಹೆಣ್ಣಿನತ್ತ ಹರಿಯುವುದಿಲ್ಲವೆಂದು ನಡುಗುವ ದನಿಯಲ್ಲಿ ಹೇಳಿದರೆ, ಅದು ರೋಗವಲ್ಲವೆಂಬ ತಿಳಿವಳಿಕೆ ನಿಮ್ಮಲ್ಲಿರಲಿ. ಆ ಮಾತನ್ನು ಮತ್ತೊಬ್ಬರ ಕಿವಿಗೆ ಹಾಕಬೇಡಿರಿ. ಅದುವರೆಗೆ ಅವನೊಡನೆ ಹೇಗೆ ನಡೆದುಕೊಂಡು ಬಂದಿದ್ದಿರೋ, ಮರುದಿನವೂ ಹಾಗೆಯೇ ಅವನೊಡನೆ ಕಾಲೇಜಿಗೆ ನಡೆದು ಹೋಗಿರಿ.