ಸಂಕೋಚ ಬಿಡಿ, ವೈದ್ಯರಿಗೆ ತೋರಿಸಿ

ತಲೆನೋವು ಬಂದರೆ ಮನೆಮಂದಿಗೆಲ್ಲ ಹೇಳುತ್ತೇವೆ. ಹಲ್ಲುನೋವಾದರೆ ನೆರೆಮನೆಯವರಿಗೂ ತಿಳಿಯುತ್ತದೆ. ಶೌಚದ ವೇಳೆ ನಾಲ್ಕು ಹನಿ ರಕ್ತ ಕಂಡರೆ ಮಾತ್ರ ಬಾಯಿಗೆ ಬೀಗ ಬೀಳುತ್ತದೆ. ಮೂಲವ್ಯಾಧಿಯನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡೆವು.

ನಮ್ಮ ಹಿರಿಯ ಅತ್ತಿಗೆಯವರು ಎರಡು ವರ್ಷ ಈ ಬೇನೆಯನ್ನು ಯಾರಿಗೂ ಹೇಳದೆ ಅನುಭವಿಸಿದರು. ಸಂತೆಯಲ್ಲಿ ಯಾರೋ ಕೊಟ್ಟ ಪುಡಿಯನ್ನು ಗುಟ್ಟಾಗಿ ಹಚ್ಚಿಕೊಂಡರು. ಉರಿ ಹೆಚ್ಚಿತೇ ಹೊರತು ರಕ್ತ ನಿಲ್ಲಲಿಲ್ಲ. ಮುಖ ಬಿಳಿಚಿಕೊಂಡಿತು, ಮೆಟ್ಟಿಲೇರಿದರೆ ಏದುಸಿರು. ವಯಸ್ಸಿನ ದಣಿವೆಂದು ನಾವು ಸುಮ್ಮನಿದ್ದೆವು. ಒಂದು ಮುಂಜಾನೆ ಅಡುಗೆಮನೆಯಲ್ಲಿ ಕುಸಿದರು. ಆಸ್ಪತ್ರೆಯಲ್ಲಿ ನೋಡಿದರೆ, ಕನಿಷ್ಠ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 6 ಗ್ರಾಮಿಗೆ ಇಳಿದಿತ್ತು. ಏಕೆ ಹೇಳಲಿಲ್ಲವೆಂದು ವೈದ್ಯೆ ಕೇಳಿದಾಗ, "ಗಂಡಸರಿರುವ ಮನೆಯಲ್ಲಿ ಇದನ್ನು ಯಾರ ಮುಂದೆ ಹೇಳಲವ್ವಾ?" ಎಂದರು. ಆ ಮಾತು ಕೇಳಿ ನಾವು ತಲೆ ತಗ್ಗಿಸಿದೆವು.

ಮೂಲವ್ಯಾಧಿ ಯಾರ ತಪ್ಪೂ ಅಲ್ಲ. ಗುದದ್ವಾರದ ಒಳಗೆ ರಕ್ತನಾಳಗಳಿಂದ ಕೂಡಿದ ಮೆತ್ತನೆಯ ಭಾಗಗಳು ಎಲ್ಲರಿಗೂ ಇರುತ್ತವೆ. ಮಲಬದ್ಧತೆಯಿಂದ ಮುಕ್ಕುವುದು, ಶೌಚದಲ್ಲಿ ಬಹಳ ಹೊತ್ತು ಕೂರುವುದು, ಗರ್ಭಧಾರಣೆ ಮುಂತಾದ ಕಾರಣಗಳಿಂದ ಅವು ಉಬ್ಬಿ ಕೆಳಗಿಳಿಯುತ್ತವೆ. ಒಳಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಬೀಳುತ್ತದೆ. ನೋವಿಲ್ಲವೆಂಬ ಕಾರಣದಿಂದಲೇ ಜನ ಅಲಕ್ಷಿಸುತ್ತಾರೆ.

ಆದರೆ ರಕ್ತ ಬಿದ್ದುದೆಲ್ಲ ಮೂಲವ್ಯಾಧಿಯಲ್ಲ. ಗುದದ ಬಿರುಕು, ಕರುಳಿನ ಹುಣ್ಣು, ದೊಡ್ಡ ಕರುಳಿನ ಕ್ಯಾನ್ಸರ್ ಸಹ ಹೀಗೆಯೇ ಕಾಣಿಸಿಕೊಳ್ಳಬಹುದು. ಪರೀಕ್ಷಿಸದೆ ಹೆಸರಿಡುವ ಅಧಿಕಾರ ನಮಗಿಲ್ಲ. ಮಲವಿಸರ್ಜನೆಯ ರೂಢಿ ಬದಲಾದರೆ, ತೂಕ ಇಳಿದರೆ, ಮನೆತನದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದರೆ ಅಥವಾ ವಯಸ್ಸು 45 ದಾಟಿದ್ದರೆ ತಡಮಾಡಬಾರದು. ರಕ್ತ ನಿಲ್ಲದಿದ್ದರೆ, ಮಲ ಕಪ್ಪಾಗಿದ್ದರೆ, ತಲೆ ಸುತ್ತಿದರೆ, ಗಂಟು ಹೊರಬಂದು ಒಳಹೋಗದೆ ತೀವ್ರ ನೋವು ಕೊಟ್ಟರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಯ ಭಯವೇ ಅನೇಕರನ್ನು ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ನಡೆಯುವುದು ಇಷ್ಟೇ: ಎಡಮಗ್ಗುಲಿಗೆ ಮಲಗಿಸಿ ಮೊಣಕಾಲು ಮಡಿಸಿಸುತ್ತಾರೆ, ಕೈಗವಸು ತೊಟ್ಟ ಬೆರಳಿನಿಂದಲೂ, ಚಿಕ್ಕ ಕೊಳವೆಯಿಂದಲೂ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಹೆಣ್ಣುಮಕ್ಕಳು ವೈದ್ಯೆಯನ್ನೇ ಕೇಳಬಹುದು, ಇಲ್ಲವೆ ನರ್ಸ್ ಜೊತೆಗಿರಬೇಕೆಂದು ಹೇಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಅದನ್ನು ಮರೆಯದೆ ತಿಳಿಸಬೇಕು.

ಹೋದವರಿಗೆಲ್ಲ ಶಸ್ತ್ರಚಿಕಿತ್ಸೆ ಮಾಡುತ್ತಾರೆಂಬುದು ತಪ್ಪು ತಿಳುವಳಿಕೆ. ಆರಂಭದಲ್ಲಿ ನಾರಿನ ಆಹಾರ, ನೀರು, ಇಸಬಗೋಲು, ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಹತ್ತು ಹದಿನೈದು ನಿಮಿಷ ಕೂರುವುದು, ಇವುಗಳಿಂದಲೇ ಬಹಳ ಜನಕ್ಕೆ ಗುಣ ಕಾಣುತ್ತದೆ. ಇದಕ್ಕೆ ಮಣಿಯದ ಒಳಮೂಲವ್ಯಾಧಿಗೆ ಚಿಕ್ಕ ರಬ್ಬರ್ ಬಳೆ ಹಾಕುತ್ತಾರೆ. ರಕ್ತ ಹರಿಯದೆ ಗಂಟು ಒಣಗಿ ಕೆಲವು ದಿನಗಳಲ್ಲಿ ಉದುರುತ್ತದೆ. ತೀರ ಬೆಳೆದವುಗಳಿಗೆ ಮಾತ್ರ ಶಸ್ತ್ರಚಿಕಿತ್ಸೆ. ನಮ್ಮ ಪ್ರಾಚೀನ ಸುಶ್ರುತ ಸಂಹಿತೆಯೂ ಈ ವ್ಯಾಧಿಗೆ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಹೇಳಿದೆ. ಆದರೆ ಕ್ಷಾರ ಚಿಕಿತ್ಸೆ ಕಲಿತ ವೈದ್ಯರು ಮಾಡತಕ್ಕದ್ದು. ಅರಿಯದವರು ಹಚ್ಚಿದ ಸುಡುವ ಪುಡಿಯಿಂದ ಗುದದ್ವಾರವೇ ಕಿರಿದಾಗುವ ಅಪಾಯವುಂಟು.

ಮನೆಯಲ್ಲಿ ಆಗಬೇಕಾದುದೂ ಇದೆ. ಜೋಳದ ರೊಟ್ಟಿ, ಮೊಳಕೆ ಕಾಳು, ಸೊಪ್ಪಿನ ಪಲ್ಯ, ಹಣ್ಣು ದಿನವೂ ಇರಲಿ. ಶೌಚದ ಕರೆ ಬಂದಾಗ ತಡೆಯದಿರಿ. ಮೊಬೈಲ್ ಹಿಡಿದು ಶೌಚಾಲಯದಲ್ಲಿ ಕೂರುವ ಮಕ್ಕಳಿಗೆ ಬುದ್ಧಿ ಹೇಳಿ. ಬಸುರಿಯರಿಗೆ ಬಂದದ್ದು ಹೆರಿಗೆಯ ನಂತರ ಬಹುಮಟ್ಟಿಗೆ ಇಳಿಯುತ್ತದೆ. ಆದರೂ ರಕ್ತ ಕಂಡರೆ ವೈದ್ಯರಿಗೆ ತಿಳಿಸಲೇಬೇಕು.

ಅತ್ತಿಗೆಯವರಿಗೆ ರಕ್ತ ಕೊಟ್ಟು, ದೊಡ್ಡ ಕರುಳನ್ನೂ ಪರೀಕ್ಷಿಸಿ, ಬೇರೇನೂ ಇಲ್ಲವೆಂದು ಖಚಿತವಾದ ಮೇಲೆ ಎರಡು ಸಲ ಬಳೆ ಹಾಕಿದರು. ಈಗ ಅವರು ಎಂದಿನಂತೆ ರೊಟ್ಟಿ ಬಡಿಯುತ್ತಾರೆ. "ಎರಡು ವರ್ಷ ಸುಮ್ಮನೆ ಹೆದರಿದೆ" ಎಂದು ನಗುತ್ತಾರೆ. ಅವರು ಹೇಳಲಿಲ್ಲವೆಂದು ನಾವು ದೂರುವಂತಿಲ್ಲ. ಬಿಳಿಚಿದ ಮುಖವನ್ನು ದಿನವೂ ಕಂಡ ನಾವೇ ಕೇಳಲಿಲ್ಲ. ಓದುಗ ಬಂಧುಗಳು ಇಂದು ರಾತ್ರಿ ಊಟದ ನಂತರ ತಮ್ಮ ಮನೆಯ ಹಿರಿಯರ ಬಳಿ ಕುಳಿತು ಮೆಲ್ಲನೆ ಒಮ್ಮೆ ವಿಚಾರಿಸಲೆಂದು ನಮ್ಮ ಪ್ರಾರ್ಥನೆ.